ಎಪ್ಪತ್ತೊಂದು ಸಾವಿರದ ಸೌತೆಕಾಯಿ

ಐತಪ್ಪಣ್ಣನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ, ಇವನು ಅವರ ಬಗ್ಗೆ ಬರೆಯಲು ಕೂತಿದ್ದಾನೆಂದರೆ ಇಬ್ಬರಿಗೂ ಗಳಸ್ಯ ಕಂಠಸ್ಯ ಇರಬೇಕು ಎಂದು ನೀವು ತಿಳಿದೀರಿ.

ವಡಪಳನಿಯಲ್ಲಿ ಸ್ಟುಡಿಯೋಗಳ ಕಡೆ ತಿರುಗುವ ಮೂಲೆಯಲ್ಲಿ ಒಂದು ಉಡುಪಿ ಹೋಟೆಲಿದೆ. ಅಲ್ಲಿ ಅವರು ಸಪ್ಲಯರ್. ನಾನು ಬೆಳಗಿನ ಪೊಂಗಲ್ ಗಿರಾಕಿ. ತಿಂದು ಮುಗಿಸಿ, ಎರಡು ರೂಪಾಯಿಯ ನಾಣ್ಯವೊಂದನ್ನು ಟಿಪ್ಸ್ ಎಂದು ತಟ್ಟೆಯ ಪಕ್ಕದಲ್ಲಿಟ್ಟು, ಬಡವರ ಉದ್ಧಾರವಾಯಿತೆಂದು ಎದ್ದುಹೋಗುವ ಜಾತಿ. ನನ್ನ ಕೆಲಸ ಒಂದು ವಿಮಾ ಕಂಪನಿಯಲ್ಲಿ. ಆಸ್ಪತ್ರೆಯ ಖರ್ಚು ಕೊಡಿ ಎಂದು ಕೇಳಿದವರಿಗೆ ಯಾಕೆ ಕೊಡಲಾಗುವುದಿಲ್ಲ ಎಂದು ವಿನಯದಿಂದ ಬರೆದು ತಿಳಿಸುವುದು. ಬರೆಯುವುದಕ್ಕೆ ಸಂಬಳ ಕಡಿಮೆ, ವಿನಯಕ್ಕೆ ಸ್ವಲ್ಪ ಜಾಸ್ತಿ.

ನಾವು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರು. ಮನೆಯಲ್ಲಿ ಆಡುವುದು ಕನ್ನಡವೆಂದು ನಮ್ಮ ನಂಬಿಕೆ. ಆ ನಂಬಿಕೆಯನ್ನು ಐತಪ್ಪಣ್ಣ ಮೊದಲ ದಿನವೇ ಒಡೆದರು. ನಾನು "ಇನ್ನೊಂದು ಕರಂಡಿ ಸಾಂಬಾರ್ ಹಾಕಿ, ಕೊಂಜಂ ಸೂಡಾಗಿ" ಎಂದಿದ್ದೆ. ಸೌಟು, ಸ್ವಲ್ಪ, ಬಿಸಿ ಎಂಬ ಮೂರಕ್ಕೂ ನನ್ನ ಬಾಯಿಗೆ ತಮಿಳೇ ಬಂದಿತ್ತು.

"ಇದು ಕನ್ನಡವಾ ಮಾರಾಯ್ರೇ, ಸಾಂಬಾರಾ?" ಎಂದರು. "ತರಕಾರಿ ಎಲ್ಲ ಉಂಟು. ಬೇಳೆಯೇ ಇಲ್ಲ."

ಬೆಳ್ತಂಗಡಿ ಕಡೆಯ ಊರು ಅವರದ್ದು. ಮೀಸೆ ಮೂಡುವ ಮೊದಲೇ ಸೋದರಮಾವನ ಬೆನ್ನು ಹಿಡಿದು ಬಂದು, ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಸಪ್ಲಯರ್ ಆದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಆರ್ಡರ್ ಕೊಟ್ಟಿದ್ದೆ, ಬರಲಿಲ್ಲ" ಎನ್ನುತ್ತಾರೆ. ಅವರ ಆಸ್ತಿಯೆಂದರೆ ಗಂಟಲು. ಹಳೆಯ ಕಾಲದಲ್ಲಿ ಸಪ್ಲಯರ್‌ಗಳು ಚೀಟಿ ಬರೆಯುತ್ತಿರಲಿಲ್ಲ. ಮೇಜಿನ ಪಕ್ಕ ನಿಂತೇ ಅಡುಗೆಮನೆಗೆ ಕೂಗುತ್ತಿದ್ದರು. ಐತಪ್ಪಣ್ಣ "ಎರಡ್ ಮಸಾಲ್, ಒಂದ್ ರವಾ, ಮೂರ್ ಕಾಪೀ" ಎಂದು ಕೂಗಿದರೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಹಸಿವಾಗುತ್ತಿತ್ತಂತೆ.

ಹಳೆಯ ಸಾಹುಕಾರರು ತೀರಿಕೊಂಡ ಮೇಲೆ ಮಗ ಸೂರಜ್ ಗಲ್ಲಾದಲ್ಲಿ ಕೂತ. ಹೋಟೆಲ್ ನಡೆಸುವುದನ್ನು ಕಾಲೇಜಿನಲ್ಲಿ ಓದಿ ಬಂದವನು. ಹಾಗಾಗಿ ಗಿರಾಕಿಗಳನ್ನು ಅತಿಥಿಗಳೆಂದೂ ಸಪ್ಲಯರ್‌ಗಳನ್ನು ಟೀಮ್ ಎಂದೂ ಕರೆಯುತ್ತಾನೆ, ಸಂಬಳ ಮಾತ್ರ ಅಪ್ಪನ ಕಾಲದ್ದು. ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟ. ಕೂಗುವಂತಿಲ್ಲ, ಒತ್ತಬೇಕು. ಐತಪ್ಪಣ್ಣನ ಒದ್ದೆ ಬೆರಳಿಗೆ ಆ ಗಾಜು ಮಾತು ಕೇಳುವುದಿಲ್ಲ. ನಾಲ್ಕು ಸಲ ಒತ್ತುತ್ತಾರೆ, ನಾಲ್ಕು ಪೊಂಗಲ್ ಬರುತ್ತದೆ.

ಹೀಗೆ ಆ ಗಂಟಲಿಗೆ ಉಳಿದ ಕೆಲಸ ಎರಡೇ. ಒಂದು, ವರ್ಷಕ್ಕೊಮ್ಮೆ ಚೌತಿಯಲ್ಲಿ ಕರಾವಳಿಯ ಹೋಟೆಲಿನವರ ಸಂಘ ಗಣಪತಿ ಕೂರಿಸಿದಾಗ ಏಲಂ, ಅಂದರೆ ಹರಾಜು, ಕೂಗುವುದು. ಇನ್ನೊಂದು, ದಿನಾ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಹಿಂಬಾಗಿಲಲ್ಲಿ ನಿಂತು, "ಒಂದ್ ಪ್ಲೇಟ್ ಇಡ್ಲೀ, ಚಟ್ನಿ ಬೇಡಾ" ಎಂದು ಬೀದಿಗೆ ಕೇಳುವಂತೆ ಕೂಗುವುದು. ಆಗ ನಿಂತ ಟೆಂಪೋ ಒಂದರ ಅಡಿಯಿಂದ ಕಂದುಬಣ್ಣದ ಹೆಣ್ಣುನಾಯಿಯೊಂದು ಮೈ ಮುರಿಯುತ್ತಾ ಎದ್ದುಬರುತ್ತದೆ. ಅದರ ಹೆಸರು ಬೊಗ್ಗು. ಇಡ್ಲಿಯನ್ನು ಇವರು ಮುರಿದು ಹಾಕಬೇಕು. ಇಡಿಯಾಗಿ ಕೊಟ್ಟರೆ ಮೂಸಿ ನೋಡಿ ಇವರ ಮುಖ ನೋಡುತ್ತದೆ.

"ಸಾಹುಕಾರ್ತಿ," ಎನ್ನುತ್ತಾಳೆ ಅಡುಗೆಮನೆಯ ಅಮ್ಮಣ್ಣಿ. ತರಕಾರಿ ಹೆಚ್ಚುವುದು ಅವಳ ಕೆಲಸ, ಕೈಗಿಂತ ನಾಲಿಗೆ ಹರಿತ. "ಮನುಷ್ಯರಿಗೆ ನೀರು ಕೊಡ್ಲಿಕ್ಕೆ ಇವರಿಗೆ ಕೈನೋವು. ನಾಯಿಗೆ ತುತ್ತು ಮಾಡಿ ಕೊಡುದು."

"ನಾಯಿ ಇವತ್ತಿನವರೆಗೆ ಸಾಂಬಾರ್ ಸೂಡಾಗಿಲ್ಲ ಅಂತ ಹೇಳ್ಲಿಲ್ಲ," ಎಂದರು ಐತಪ್ಪಣ್ಣ, ನಾನು ಮಧ್ಯಾಹ್ನ ಬಂದಿದ್ದ ಒಂದು ರಜೆಯ ದಿನ, ನನ್ನ ಕಡೆ ನೋಡುತ್ತಾ.

ಕಳೆದ ವರ್ಷ ಚೌತಿಗೆ ಕೆಲವು ದಿನ ಮುಂಚೆ, ಬೆಳಿಗ್ಗೆ, ನಾನು ಪೊಂಗಲ್‌ನಲ್ಲಿ ಗೋಡಂಬಿ ಹುಡುಕುತ್ತಿದ್ದಾಗ ನೀರಿನ ಲಾರಿಯೊಂದು ಓಣಿಯಲ್ಲಿ ಹಿಂದಕ್ಕೆ ಬಂತು. ಬೊಗ್ಗು ಅದರ ಅಡಿಗೆ ಸಿಕ್ಕಿತು. ನಾಯಿ ಕಿರುಚಿದ್ದು ಕೇಳಿತು, ಆಮೇಲೆ ಐತಪ್ಪಣ್ಣ ಕೂಗಿದ್ದು. ಅದರಲ್ಲಿ ಶಬ್ದಗಳಿರಲಿಲ್ಲ. ನಾವು ಹೊರಗೆ ಬರುವಷ್ಟರಲ್ಲಿ ಅವರು ಅಕ್ಕಿಯ ಗೋಣಿಯಲ್ಲಿ ನಾಯಿಯನ್ನೆತ್ತಿ ನಿಂತಿದ್ದರು. ಆಟೋದವರು ರಕ್ತ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ನಾನು ಫೋನಿನಲ್ಲಿ ಒಂದು ಕಾರು ತರಿಸಿ, ನಾನೂ ಹತ್ತಿದೆ. ಕರುಣೆಯಿಂದ ಹತ್ತಿದೆನೆಂದು ಬಹಳ ಜನರಿಗೆ ಹೇಳಿದ್ದೇನೆ. ಆಫೀಸಿಗೆ ಆಗಲೇ ತಡವಾಗಿತ್ತು, ಒಳ್ಳೆಯ ಕಾರಣವೊಂದು ಬೇಕಿತ್ತು.

ಹತ್ತಿರವಿದ್ದ ಖಾಸಗಿ ಪ್ರಾಣಿ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿ ಪ್ರಣಮ್ಯಾ ಎಂಬ ಡಾಕ್ಟರು ರಕ್ತ ನಿಲ್ಲಿಸಿ, ಎಕ್ಸ್‌ರೇ ತೆಗೆಸಿ, ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಸೊಂಟದ ಮೂಳೆ ಮತ್ತು ಹಿಂಗಾಲಿನ ತೊಡೆಮೂಳೆ ಮುರಿದಿವೆ. ಪ್ಲೇಟ್ ಹಾಕಿ ಸ್ಕ್ರೂ ಬಿಗಿಯಬೇಕು. ಎಲ್ಲ ಸೇರಿ ಎಪ್ಪತ್ತು ಸಾವಿರ. ವಾರದೊಳಗೆ ಆಗಬೇಕು, ತಡವಾದರೆ ಮೂಳೆ ವಕ್ರವಾಗಿ ಕೂಡಿಕೊಳ್ಳುತ್ತದೆ. ಬೇರೆಡೆಗೆ ಒಯ್ಯಲು ಈ ಸ್ಥಿತಿಯಲ್ಲಿ ಅವರು ಒಪ್ಪಲಿಲ್ಲ.

"ಮಾಡದಿದ್ರೆ?" ಎಂದು ಐತಪ್ಪಣ್ಣ ಕೇಳಿದರು.

"ಎದ್ದು ನಿಲ್ಲೋದಿಲ್ಲ. ಬೀದಿನಾಯಿ ಹಾಗೆ ಬದುಕೋದು ಕಷ್ಟ," ಎಂದರು ಡಾಕ್ಟರು. "ನೋವಿಲ್ಲದೆ ಮಲಗಿಸಿಬಿಡಬಹುದು. ನೀವೇ ತೀರ್ಮಾನ ಮಾಡಬೇಕು. ಓನರ್ ಯಾರು?"

"ಇವರು, ಸುಘೋಷ," ಎಂದು ಐತಪ್ಪಣ್ಣ ನನ್ನನ್ನು ತೋರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ನನ್ನ ಹೆಸರು ಹೊಡೆದಾಗಿತ್ತು. ಆಮೇಲೆ ಅವರು ಒಳಗಿನ ಜೇಬಿನಿಂದ ಹಣ ತೆಗೆದು ಅಂದಿನ ಖರ್ಚನ್ನೂ ಮುಂದಿನ ಕೆಲವು ದಿನಗಳ ವಾಸದ ಖರ್ಚನ್ನೂ ಕಟ್ಟಿದರು. ಜೇಬು ಅಲ್ಲಿಗೆ ಖಾಲಿ. ಅದನ್ನು ಅವರು ಹೇಳಲಿಲ್ಲ, ಹೊರಗೆ ಬಂದು ಬಸ್ಸಿಗೆ ನನ್ನಲ್ಲಿ ಚಿಲ್ಲರೆ ಕೇಳಿದರು.

ಎಪ್ಪತ್ತು ಸಾವಿರ ಹೊಂದಿಸುವ ಹೊಣೆ ನನ್ನದು ಎಂದೆ. ಇಂಥ ಮಾತು ಆಡುವಾಗ ನನಗೆ ಒಂದು ಸುಖವಿದೆ. ಜಾಲದಲ್ಲಿ ದೇಣಿಗೆ ಎತ್ತುವ ಪುಟವೊಂದನ್ನು ತೆರೆದೆ. ಆಫೀಸಿನಲ್ಲಿ ಕಲಿತ ವಿನಯವನ್ನೆಲ್ಲ ತಿರುಗಿಸಿ ಬರೆದೆ. 'ನಲವತ್ತು ವರ್ಷ ಪರರ ಹಸಿವು ತಣಿಸಿದ ಬಡ ಮಾಣಿಯ ಒಬ್ಬಳೇ ಮಗಳು' ಎಂದು ಶುರುಮಾಡಿ, ಬೊಗ್ಗು ಒಮ್ಮೆ ಕಳ್ಳನನ್ನು ಹಿಡಿದಿತ್ತೆಂದೂ ಸೇರಿಸಿದೆ. ಬೊಗ್ಗು ಜೀವಮಾನದಲ್ಲಿ ಹಿಡಿದದ್ದು ಇಡ್ಲಿ ಮಾತ್ರ. ಮೊದಲ ದೇಣಿಗೆಯಾಗಿ ನಾನೇ ಐನೂರ ಒಂದು ರೂಪಾಯಿ ಹಾಕಿ, ಮೊಳೆ ಹೊಡೆದು ಪಟ ನೇತುಹಾಕಿದವನಂತೆ ದೂರ ನಿಂತು ನೋಡಿದೆ.

ನನ್ನ ಊರಿನ ಸಜ್ಜನರು ಎದ್ದುಬಂದರು. ಅಳುವ ಮುಖಗಳು ನೂರಾರು, ಕೈಮುಗಿದ ಚಿತ್ರಗಳು ಅದಕ್ಕಿಂತ ಹೆಚ್ಚು. ಮೈಲಾಪುರದ ದೊಡ್ಡಪ್ಪನೊಬ್ಬರು ನಾಯಿಯ ಪೂರ್ವಜನ್ಮದ ಬಗ್ಗೆ ಎರಡು ಪುಟ ಬರೆದರು, ಹಣ ಕಳಿಸಲು ಮರೆತರು. ಆಫೀಸಿನ ಕೌಶಿಕ್, ಎಪ್ಪತ್ತು ಸಾವಿರಕ್ಕೆ ಒಳ್ಳೆಯ ಜಾತಿಯ ಮರಿಯೇ ಎರಡು ಬರುತ್ತಲ್ಲ, ಎಂದು ಲೆಕ್ಕ ಹಾಕಿಕೊಟ್ಟ. ನಮ್ಮ ಕಂಪನಿ ಶುಕ್ರವಾರ ಎಲ್ಲರೂ ನಾಯಿಯ ಚಿತ್ರವಿರುವ ಅಂಗಿ ತೊಟ್ಟು ಬರಬೇಕೆಂದು ಪತ್ರ ಕಳಿಸಿ ತನ್ನ ಕರ್ತವ್ಯ ಮುಗಿಸಿತು. ನನ್ನ ಅಮ್ಮ ಕೌಸಲ್ಯಾ ಪುಟವನ್ನು ಫೋನಿನಲ್ಲಿ ಮೇಲೆ ಕೆಳಗೆ ಎಳೆದು ನೋಡಿದಳು.

"ಏನ್ಡಾ ಇದು. ಮಠಕ್ಕೆ ಪಾದಪೂಜೆಗೆ ಐನೂರು ಕೊಡು ಅಂದ್ರೆ ಮಾಸ ಕಡೇಲಿ ಅಂದೆ. ಈಗ ನಾಯಿಗೆ ಕೊಟ್ಟಿದೀಯ. ಅದೂ ಒಂದು ರೂಪಾಯಿ ಜಾಸ್ತಿ."

ಪುಟದಲ್ಲಿ ಒಂಬತ್ತು ಸಾವಿರ ಆಯಿತು, ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಗಿರಾಕಿಯೊಬ್ಬ ಅದನ್ನು ಐತಪ್ಪಣ್ಣನಿಗೆ ಓದಿ ಹೇಳಿದ. ಮರುದಿನ ನಾನು ಕೂತ ಮೇಜಿಗೆ ಪೊಂಗಲ್ ಬರಲಿಲ್ಲ, ಅವರು ಬಂದರು.

"ನಾನು ಬಡವ ಅಂತ ನಿಮಗೆ ಯಾರು ಹೇಳಿದ್ದು?"

"ಹಾಗೆ ಬರೆದ್ರೆ ಜನ ಕೊಡ್ತಾರೆ ಐತಪ್ಪಣ್ಣ."

"ಬಾಯಲ್ಲಿ ಹಲ್ಲು ಇಲ್ಲ, ಜೇಬಲ್ಲಿ ಹಣ ಇಲ್ಲ. ಅದಕ್ಕೆ ಬಡವ ಅಂತಾರಾ? ಬೊಗ್ಗು ಮಗಳು ಅಂತ ಯಾರು ಹೇಳಿದ್ದು? ಅದು ನಾಯಿ. ನಾಯಿ ಅಂತ ಗೊತ್ತಿದ್ದೇ ನಾನು ಸಾಕಿದ್ದು." ಮೇಜು ಒರೆಸುತ್ತಾ ಕೇಳಿದರು: "ನೀವು ಎಷ್ಟು ಹಾಕಿದ್ರಿ?"

"ಐನೂರ ಒಂದು."

"ಒಂದು ಎಂತಕ್ಕೆ?"

"ಶುಭಕ್ಕೆ."

"ಓ," ಎಂದರು. "ಎಲ್ಲ ವಾಪಸ್ ಕೊಡಿ ಅವರಿಗೆ."

ಪುಟ ಮುಚ್ಚಿ ಎಲ್ಲರ ಹಣವನ್ನೂ ಹಿಂದಿರುಗಿಸಿದೆ. ನನ್ನ ಐನೂರ ಒಂದೂ ನನಗೆ ಬಂತು. ಅದು ಬಂದಾಗ ನನಗೆ ಬೇಸರವೇನೂ ಆಗಲಿಲ್ಲ. ವಾರದಲ್ಲಿ ಅರ್ಧ ಕಳೆದಿತ್ತು, ನಾಯಿ ಪಂಜರದಲ್ಲಿ ಮಲಗಿತ್ತು, ಐತಪ್ಪಣ್ಣ ದಿನಾ ಮಧ್ಯಾಹ್ನ ಹೋಗಿ ಅದರೆದುರು ಇಡ್ಲಿ ಮುರಿದು ಬರುತ್ತಿದ್ದರು.

ಈಗ ಏಲಂ ಬಗ್ಗೆ ಹೇಳಬೇಕು. ಸಂಘದ ಗಣಪತಿಯನ್ನು ನೀರಿಗೆ ಬಿಡುವ ದಿನ, ದೇವರ ಮುಂದೆ ಇಟ್ಟ ಕಬ್ಬು, ತೆಂಗಿನಕಾಯಿ, ಬಾಳೆಗೊನೆಗಳನ್ನು ಒಂದೊಂದಾಗಿ ಏಲಂ ಹಾಕುತ್ತಾರೆ. ಅಂಗಡಿಯಲ್ಲಿ ಕೊತ್ತಂಬರಿಗೆ ಚೌಕಾಸಿ ಮಾಡುವ ಹೋಟೆಲ್ ಮಾಲಿಕರು ಅಂದು ಒಂದು ತೆಂಗಿನಕಾಯಿಗೆ ಇಪ್ಪತ್ತು ಸಾವಿರ ಕೂಗುತ್ತಾರೆ. ವಸ್ತು ತಂದಿಟ್ಟವನು ಯಾವ ಕಾರ್ಯವನ್ನು ಹೇಳುತ್ತಾನೋ ಅದಕ್ಕೆ ಆ ಹಣ ಹೋಗಬೇಕು. ತಮ್ಮ ತಮ್ಮ ಊರಿನ ದೇವಸ್ಥಾನಕ್ಕೆ ಚಾವಣಿ ಹಾಕಿಸಿಕೊಳ್ಳಲು ದೊಡ್ಡವರೇ ಮಾಡಿಕೊಂಡ ನಿಯಮ ಇದು. ಸಪ್ಲಯರ್ ಒಬ್ಬ ಏನಾದರೂ ತಂದಿಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಐತಪ್ಪಣ್ಣ ಒಂದು ಮಂಗಳೂರು ಸೌತೆಕಾಯಿ ತಂದಿಟ್ಟರು. ಅಮ್ಮಣ್ಣಿ ಉಗ್ರಾಣದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ್ದ ಸಾಲಿನಲ್ಲಿ ಒಂದು.

"ಸಾಂಬಾರಿಗೆ ಇಟ್ಟದ್ದು ಅದು," ಎಂದಿದ್ದಳು ಅವಳು. "ಯಾರೂ ತೆಗೊಳ್ಳದಿದ್ರೆ ವಾಪಸ್ ತನ್ನಿ."

ನಾನು ಊಟಕ್ಕೆಂದು ಹೋಗಿದ್ದೆ. ಕಲ್ಯಾಣಮಂಟಪದ ಮುಂದಿನ ಸಾಲಿನಲ್ಲಿ ಸೂರಜ್ ಕೂತಿದ್ದ. ಆ ಕಡೆಯ ತುದಿಯಲ್ಲಿ ಕ್ರೋಂಪೇಟೆಯ ಬಾಬು ಶೆಟ್ರು. ಶೆಟ್ರು ಒಂದು ಕಾಲದಲ್ಲಿ ಸೂರಜ್‌ನ ಅಪ್ಪನ ಹೋಟೆಲಿನಲ್ಲಿ ತಟ್ಟೆ ತೊಳೆದವರು, ಈಗ ಕ್ರೋಂಪೇಟೆಯಲ್ಲಿ ಮೂರು ಮಹಡಿಯ ಹೋಟೆಲು. ತಟ್ಟೆ ತೊಳೆದದ್ದನ್ನು ಸೂರಜ್ ಮರೆತಿಲ್ಲ, ಮೂರು ಮಹಡಿಯನ್ನು ಶೆಟ್ರು ಮರೆಯಲು ಬಿಡುವುದಿಲ್ಲ.

ಬಾಳೆಗೊನೆ ಹೋದ ಮೇಲೆ ಐತಪ್ಪಣ್ಣ ಸೌತೆಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು.

"ಸೌತೆಕಾಯಿ. ತಂದವ ಐತಪ್ಪ. ಕಾರ್ಯ, ಬೊಗ್ಗುವಿನ ಕಾಲು."

ಸಭೆ ನಕ್ಕಿತು. ಸೂರಜ್‌ಗೆ ಇನ್ನೂ ಹೆಚ್ಚು ನಗು ಬಂತು, ತಮಾಷೆಗೆ "ಹನ್ನೊಂದು ರೂಪಾಯಿ" ಎಂದ.

"ವಡಪಳನಿ ಹನ್ನೊಂದೂ," ಎಂದರು ಐತಪ್ಪಣ್ಣ. ಆ ಗಂಟಲನ್ನು ನಾನು ಅಂದೇ ಪೂರ್ತಿಯಾಗಿ ಕೇಳಿದ್ದು. ಮಂಟಪದ ಗಾಜುಗಳು ಸಣ್ಣಗೆ ನಡುಗಿದವು. "ವಡಪಳನಿಯ ಬಾಗಿಲು ಕಾದ ನಾಯಿಗೆ ವಡಪಳನಿಯಿಂದ ಹನ್ನೊಂದೂ. ಒಂದ್ ಸರ್ತೀ."

ಶೆಟ್ರು ಮೀಸೆಯಡಿಯಲ್ಲಿ ನಕ್ಕು "ಸಾವಿರ" ಎಂದರು.

"ಕ್ರೋಂಪೇಟೆ ಸಾವಿರಾ. ವಡಪಳನಿ ಹನ್ನೊಂದರಲ್ಲೇ ಉಂಟೂ."

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಬರೀ ಪೇಟೆಗಳನ್ನು ಕೂಗಿದರು. ಐದು ಸಾವಿರಕ್ಕೆ ನಗು ನಿಂತಿತು. ಇಪ್ಪತ್ತಕ್ಕೆ ಜನ ಎದ್ದು ನಿಂತರು. ಮೂವತ್ತೈದಕ್ಕೆ ಸೂರಜ್‌ನ ಹೆಂಡತಿ ವೀಕ್ಷಾ ಅವನ ಅಂಗಿ ಹಿಡಿದು ಎಳೆದಳು. ಅವನು ಕೊಡವಿಕೊಂಡು ನಲವತ್ತು ಎಂದ. ಎಲ್ಲಿ ಮಾತು ಆರಿಹೋಗುವಂತಿತ್ತೋ ಅಲ್ಲಿ ಐತಪ್ಪಣ್ಣ ಎರಡನೇ ಸರ್ತಿಗೂ ಮೂರನೇ ಸರ್ತಿಗೂ ನಡುವೆ ನೀರು ಕುಡಿಯಲು ನಿಲ್ಲುತ್ತಿದ್ದರು. ಅರವತ್ತೆಂಟರಲ್ಲಿ ಶೆಟ್ರಿದ್ದಾಗ ಅವರಿಗೆ ವಿಪರೀತ ಬಾಯಾರಿಕೆಯಾಯಿತು. ಲೋಟ ಇಳಿಸಿ, ಮೆಲ್ಲಗೆ, "ಹಳೇ ಸಾಹುಕಾರ್ರು ಇರ್ತಿದ್ರೆ" ಎಂದು ಅಷ್ಟೇ ಹೇಳಿ ನಿಲ್ಲಿಸಿದರು.

"ಎಪ್ಪತ್ತೊಂದು," ಎಂದ ಸೂರಜ್.

ಮೂರನೇ ಸರ್ತಿ ಅಂದದ್ದು ಎಷ್ಟು ಬೇಗವೆಂದರೆ ಶೆಟ್ರು ತೆರೆದ ಬಾಯಿಯನ್ನು ಆಕಳಿಕೆಯಾಗಿ ಮುಗಿಸಬೇಕಾಯಿತು. ಸೂರಜ್ ಸೌತೆಕಾಯಿಯನ್ನು ಮಗುವಿನಂತೆ ಎತ್ತಿಕೊಂಡು ಚೆಂಡೆಯವರ ಹಿಂದೆ ಮಂಟಪಕ್ಕೆ ಒಂದು ಸುತ್ತು ಬಂದ. ಐದು ವರ್ಷದಿಂದ ಐತಪ್ಪಣ್ಣ ಕೇಳುತ್ತಿದ್ದ ಇನ್ನೂರು ರೂಪಾಯಿಯಷ್ಟು ಸಂಬಳ ಹೆಚ್ಚಿಸಲಾಗದ ಮನುಷ್ಯ ಅವನು.

ನಾನು ಓಡಿಹೋಗಿ ಐತಪ್ಪಣ್ಣನ ಕೈ ಹಿಡಿದೆ. "ನಾಳೆ ಬೆಳಿಗ್ಗೆನೇ ಕಟ್ಟಿಬಿಡೋಣ."

"ಕಟ್ಟಬೇಕಲ್ಲ. ನಾಳೆ ದಾಟಿದ್ರೆ ಆಗ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ರು." ಅವರು ಕೈ ಬಿಡಿಸಿಕೊಂಡು ಮುಖ ಒರೆಸಿಕೊಂಡರು. "ನಿಮ್ಮ ಹತ್ರ ಕಾರ್ಡು ಉಂಟಲ್ವಾ? ಮೊನ್ನೆ ಹೊಸ ಫೋನು ಅಂತ ಯಾರ ಹತ್ರವೋ ಮಾತಾಡ್ತಿದ್ರಿ."

"ಅದಕ್ಕೇನಂತೆ. ನಾನು ಕಟ್ಟಿರ್ತೀನಿ, ಸೂರಜ್ ಹತ್ರ ಆಮೇಲೆ ತಗೋತೀನಿ."

"ಹಾಂ. ಆಮೇಲೆ ತೆಗೊಳ್ಳಿ."

ಮರುದಿನ ಚಿಕಿತ್ಸಾಲಯದ ಕೌಂಟರಿನಲ್ಲಿ ಕಾರ್ಡನ್ನು ತೆಗೆದು ಕೊಟ್ಟಾಗ ನನಗೆ ಅನ್ನಿಸಿದ ಔದಾರ್ಯವನ್ನು ಏನೆಂದು ಹೇಳಲಿ. ಓನರ್ ಎಂದು ಬರೆದ ಕಡೆ ಸಹಿ ಹಾಕಿದೆ. ಒಳಗೆ ಬೊಗ್ಗುವನ್ನು ಮಲಗಿಸಿ ಕೊಯ್ದರು. ಐತಪ್ಪಣ್ಣ ಬೆಂಚಿನ ತುದಿಯಲ್ಲಿ, ಹೋಟೆಲಿನ ಸಮವಸ್ತ್ರದಲ್ಲೇ, ಟ್ಯಾಬನ್ನು ತೊಡೆಯ ಮೇಲೆ ಕವುಚಿ ಇಟ್ಟುಕೊಂಡು ಕೂತಿದ್ದರು. ಪ್ರಣಮ್ಯಾ ಹೊರಗೆ ಬಂದು ಚೆನ್ನಾಗಿ ಆಯಿತು ಎಂದಾಗ, "ಇಡ್ಲಿ ಯಾವಾಗ ಕೊಡಬಹುದು?" ಎಂದು ಕೇಳಿದರು.

ಸಂಜೆ ನೇರವಾಗಿ ಸೂರಜ್‌ನ ಗಲ್ಲಾಕ್ಕೆ ಹೋದೆ. ಸೌತೆಕಾಯಿ ಅವನ ತಲೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕ, ಕೆಂಪು ರಿಬ್ಬನ್ನಿನಲ್ಲಿ ನೇತಾಡುತ್ತಿತ್ತು. ಅಡಿಯಲ್ಲಿ ಅಚ್ಚು ಹಾಕಿಸಿದ ಹಲಗೆ: ಸೂರಜ್, ವಡಪಳನಿ, ರೂ. ೭೧,೦೦೦.

"ಕಂಗ್ರಾಟ್ಸ್," ಎಂದೆ. "ಆಪರೇಷನ್ ಆಯ್ತು. ನಾನೇ ಕಟ್ಟಿದ್ದೀನಿ. ಆ ಅಮೌಂಟು..."

"ಕೊಡುವ ಮಾರಾಯ್ರೇ. ಎಂತ ಅವಸರ? ಚೌತಿಗೆ ಕೊಡುದು."

"ಚೌತಿ ಮುಗೀತಲ್ಲ."

"ಮುಂದಿನ ಚೌತಿಗೆ." ಅವನು ನನ್ನನ್ನು ಅನುಕಂಪದಿಂದ ನೋಡಿದ. "ನಿಮ್ಮಲ್ಲಿ ಹಾಗಿಲ್ವಾ? ಏಲಂ ದುಡ್ಡು ಮುಂದಿನ ವರ್ಷ ಗಣಪತಿ ಕೂತ ಮೇಲೆಯೇ ಕೊಡುದು. ಅಪ್ಪನ ಕಾಲದಿಂದ ಹಾಗೆಯೇ. ಅದಕ್ಕೆ ಮೊದಲು ಕೇಳುದು ದೇವರಿಗೆ ಅವಮಾನ."

ಹಿಂಬಾಗಿಲಲ್ಲಿ ಐತಪ್ಪಣ್ಣ ಲೋಟ ಹಿಡಿದು ಕಾಪಿ ಕುಡಿಯುತ್ತಿದ್ದರು.

"ನಿಮಗೆ ಇದು ಗೊತ್ತಿತ್ತಾ?" ಎಂದೆ.

"ಇಪ್ಪತ್ತು ವರ್ಷದಿಂದ ಏಲಂ ಕೂಗುವವ ನಾನು. ನನಗೆ ಗೊತ್ತಿಲ್ಲದೆ ಯಾರಿಗೆ?"

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಕಾರ್ಡು ತೆಗೀತಿದ್ರಾ?"

ನಮ್ಮ ಕಂಪನಿಯಲ್ಲಿ ಇಂಥ ಪ್ರಶ್ನೆಗಳಿಗೆ ಸಿದ್ಧ ವಾಕ್ಯಗಳಿವೆ, ಎಲ್ಲವೂ ಹಣ ಕೊಡದವನು ಬರೆಯುವಂಥವು.

"ಕೂಗಿದವರು ಅಲ್ಲೇ ನಗದು ಕೊಡಬೇಕು ಅಂತಿದ್ರೆ ಆ ಸೌತೆಕಾಯಿ ನಲ್ವತ್ತು ರೂಪಾಯಿಗೆ ಹೋಗ್ತಿತ್ತು," ಎಂದರು ಐತಪ್ಪಣ್ಣ. "ವರ್ಷ ಬಿಟ್ಟು ಕೊಡುದು ಅಂತ ಗೊತ್ತಿದ್ದಕ್ಕೇ ಅಷ್ಟು ಏರಿದ್ದು. ಸೂರಜ್ ಕೊಡ್ತಾನೆ. ಸಂಘದಲ್ಲಿ ಮಾನ ಹೋಗ್ತದೆ, ಕೊಡದೆ ಇರ್ಲಿಕ್ಕಾಗುದಿಲ್ಲ. ಆದ್ರೆ ಬೊಗ್ಗುವಿಗೆ ವರ್ಷ ಇರ್ಲಿಲ್ಲ. ನಿಮಗೆ ಉಂಟು."

ಒಳಗಿನಿಂದ ಅಮ್ಮಣ್ಣಿ, "ಪಾಪ, ಅವರ ಫೋನು," ಎಂದಳು.

"ಬಡ್ಡಿ ಅಂತ ಇದೆ ಐತಪ್ಪಣ್ಣ. ಹನ್ನೆರಡು ಕಂತು."

ಅವರು ಯೋಚಿಸಿದರು. ನಿಜವಾಗಿ ಯೋಚಿಸಿದರು, ಹಣೆ ಗಂಟಿಕ್ಕಿತು. "ಆಯ್ತು," ಎಂದರು ಕೊನೆಗೆ. "ಹಣ ಬರುವವರೆಗೆ ನೀವು ಟಿಪ್ಸ್ ಇಡುದು ಬೇಡ."

ಅಂದಿನಿಂದ ತಿಂಗಳಿಗೊಮ್ಮೆ ನಾನು ನಾಯಿಯ ಕಾಲಿನ ಕಂತು ಕಟ್ಟುತ್ತೇನೆ. ಆಫೀಸಿನಲ್ಲಿ ಎಲ್ಲರಿಗೂ ಹಳೆಯ ಫೋನೇ ಸಾಕು, ಈಗಿನ ಗ್ರಾಹಕ ಸಂಸ್ಕೃತಿ ನನಗೆ ಹಿಡಿಸುವುದಿಲ್ಲ ಎಂದು ಹೇಳಿದ್ದೇನೆ. ಕೌಶಿಕ್ ಅದನ್ನು ನಂಬಿ ನನ್ನನ್ನು ಗೌರವಿಸತೊಡಗಿದ್ದಾನೆ.

ಬೆಳಿಗ್ಗೆ ಹೋಟೆಲಿಗೆ ಹೋದಾಗ ಮೊದಲು ಗಲ್ಲಾದ ಮೇಲೆ ನೋಡುತ್ತಿದ್ದೆ. ನನ್ನ ಹಣಕ್ಕೆ ಇದ್ದ ಆಧಾರ ಆ ಸೌತೆಕಾಯಿ ಒಂದೇ ಎಂಬ ಭಾವನೆ. ಗಟ್ಟಿ ಜಾತಿ, ದೀಪಾವಳಿ ದಾಟಿತು, ಇಲ್ಲಿ ಅದರ ಬೆನ್ನಿಗೇ ಹಿಡಿಯುವ ಮಳೆಗಾಲದ ಥಂಡಿ ದಾಟಿತು. ಪೊಂಗಲ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ನೋಡಿದರೆ ರಿಬ್ಬನ್ನು ಖಾಲಿ. ಹಲಗೆ ಮಾತ್ರ ಇತ್ತು.

ಅಂದು ರಜೆಯಾದ್ದರಿಂದ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಐತಪ್ಪಣ್ಣ ಸಾಂಬಾರಿನ ಬಕೆಟ್ ಹಿಡಿದು ಬಂದರು. ಅನ್ನದ ಮೇಲೆ ಸೌತೆಯ ಹೋಳು ಬಿತ್ತು.

"ಇದು..." ಎಂದೆ.

"ತೊಟ್ಟಿನ ಹತ್ರ ಮೆತ್ತಗಾಗಿತ್ತಂತೆ. ಅಮ್ಮಣ್ಣಿ ಇಳಿಸಿ ಹೆಚ್ಚಿಬಿಟ್ಲು. ಅವಳು ಮೊದಲೇ ಹೇಳಿದ್ಲಲ್ಲ, ಸಾಂಬಾರಿಗೆ ಇಟ್ಟದ್ದು ಅಂತ." ಅವರು ನಾನು ತಿನ್ನುವುದನ್ನೇ ನೋಡುತ್ತಾ ನಿಂತರು. "ಹೇಗುಂಟು?"

"ಉಪ್ಪು ಕಡಿಮೆ."

"ಎಪ್ಪತ್ತೊಂದು ಸಾವಿರದ್ದು. ಉಪ್ಪೂ ಬೇಕಾ ನಿಮಗೆ?"

ಊಟಕ್ಕೆ ಪೂರ್ತಿ ಬಿಲ್ಲು ಬಂತು. ಕೈ ತೊಳೆಯಲು ಹಿಂದಕ್ಕೆ ಹೋದೆ. ಗದ್ದಲ ಇಳಿದಿತ್ತು. ಐತಪ್ಪಣ್ಣ ಹಿಂಬಾಗಿಲಿಗೆ ಬಂದು ಟ್ಯಾಬನ್ನು ಕಂಕುಳಿಗೆ ಸಿಕ್ಕಿಸಿ ಕೂಗಿದರು.

"ಒಂದ್ ಪ್ಲೇಟ್ ಇಡ್ಲೀ, ಚಟ್ನಿ ಬೇಡಾ."

ಟೆಂಪೋ ಅಡಿಯಿಂದ ಬೊಗ್ಗು ಹೊರಬಂತು. ಹಿಂಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ಹೆಜ್ಜೆ ಹಾಕುತ್ತದೆ, ಆದರೆ ನಾಲ್ಕರಲ್ಲೂ ನಡೆಯುತ್ತದೆ. ಐತಪ್ಪಣ್ಣ ಮೊಣಕಾಲೂರಿ ಇಡ್ಲಿ ಮುರಿಯತೊಡಗಿದರು. ದಾಖಲೆಯ ಪ್ರಕಾರ ಓನರ್ ನಾನೇ ಅಲ್ಲವೇ ಎಂದು ನಾನೂ ಒಂದು ತುಂಡು ತೆಗೆದು ನೀಡಿದೆ.

ಬೊಗ್ಗು ಅದನ್ನು ಮೂಸಿತು. ನನ್ನನ್ನು ನೋಡಿ ಸಣ್ಣಗೆ ಗುರ್ ಎಂದು, ಅವರ ಕೈಯ ಕಡೆ ತಿರುಗಿತು.

"ದೊಡ್ಡ ತುಂಡಾಯ್ತು," ಎಂದರು ಐತಪ್ಪಣ್ಣ, ತಲೆ ಎತ್ತದೆ.